ಹಾಡು ಕಾನ್ಯೆಯದು, ಮಾತು ಮಗನದು

ಪ್ರಶ್ನೆ: ಮೇಡಂ, ನಾವು ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇವೆ, ಮೂಲ ಹಾಸನ. ಮಗನಿಗೆ ಹದಿನಾರು ವರ್ಷ. ಎರಡು ವರ್ಷಗಳಿಂದ ರ‍್ಯಾಪರ್ ಕಾನ್ಯೆ ವೆಸ್ಟ್ ಎಂದರೆ ಜೀವ ಬಿಡುತ್ತಾನೆ. ಶಿಕಾಗೊದಲ್ಲೇ ಬೆಳೆದವನು, ತಾಯಿ ಇಂಗ್ಲಿಷ್ ಪ್ರಾಧ್ಯಾಪಕಿಯಾಗಿದ್ದವರು ಎಂದು ಓದಿ ನಾನೂ ಸುಮ್ಮನಿದ್ದೆ. ಈಗ ಹಾಡಿಗಿಂತ ಆ ಮನುಷ್ಯನ ಸಂದರ್ಶನಗಳ ತುಣುಕುಗಳೇ ಹೆಚ್ಚು. ಮೊನ್ನೆ ಊಟಕ್ಕೆ ಕುಳಿತಾಗ, "ನಾನೂರು ವರ್ಷ ಗುಲಾಮರಾಗಿದ್ದರೆಂದರೆ ಅದು ಅವರ ಆಯ್ಕೆಯೇ ಅಲ್ಲವೇ?" ಎಂದ. ಯಹೂದಿಗಳ ಬಗ್ಗೆಯೂ ಏನೇನೋ ಹೇಳುತ್ತಾನೆ. ಅವನ ತರಗತಿಯಲ್ಲೇ ಯಹೂದಿ ಮಕ್ಕಳಿದ್ದಾರೆ, ನನಗೆ ಎದೆ ಝಲ್ಲೆಂದಿತು. ಎದುರಾಡಿದರೆ, "ಬುಷ್ ಬಗ್ಗೆ ಹೇಳಿದಾಗಲೂ ಎಲ್ಲರೂ ಅವನನ್ನು ಬೈದರು, ಕೊನೆಗೆ ಅವನ ಮಾತೇ ಸರಿಯಾಯಿತಲ್ಲ" ಎನ್ನುತ್ತಾನೆ. ನಮ್ಮ ಯಜಮಾನರು "ಆ ಮನುಷ್ಯನಿಗೆ ತಲೆ ಸರಿಯಿಲ್ಲವಂತೆ, ಬಿಡು" ಎಂದು ಕೈ ಕೊಡವುತ್ತಾರೆ. ಗೆಳತಿಯೊಬ್ಬಳು "ರ‍್ಯಾಪ್ ಎಂದರೆ ಮೊದಲಿಂದಲೂ ಹೊಲಸೇ, ಆಗಲೇ ಬಿಡಿಸಬೇಕಿತ್ತು" ಎನ್ನುತ್ತಾಳೆ. ಹಾಡು ಕೇಳುವುದನ್ನೇ ನಿಲ್ಲಿಸಬೇಕೇ? ನಿಲ್ಲಿಸಿದರೆ ಈ ಮಾತುಗಳು ನಿಲ್ಲುತ್ತವೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಜನ ಮಾತನಾಡಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ನಾಲ್ವರಲ್ಲಿ ಗಟ್ಟಿಯಾದ ವಾದ ನಿಮ್ಮ ಮಗನದು. ಅಂದು ಸರಿ ಹೇಳಿದವನ ಮಾತನ್ನು ಇಂದು ಏಕೆ ನಂಬಬಾರದು? ಇದಕ್ಕೆ ಉತ್ತರ ಕೊಡದೆ ಫೋನ್ ಕಿತ್ತುಕೊಂಡರೆ ಅವನ ವಾದವೇ ಗೆದ್ದಂತೆ. ಜನಪ್ರಿಯ ಸಂಗೀತವನ್ನು, ಅದರಲ್ಲೂ ರ‍್ಯಾಪ್ ಒಳಗೊಂಡ ಹಿಪ್ ಹಾಪ್ ಅನ್ನು ಕಾಲೇಜಿನಲ್ಲಿ ಪಾಠ ಮಾಡುವುದು ನನ್ನ ವೃತ್ತಿ. ಕಾನ್ಯೆ ಪಾಠ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಇದೇ ಪ್ರಶ್ನೆ ಎತ್ತುತ್ತಾನೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಲೂಸಿಯಾನಾ ಕರಾವಳಿಗೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್‌ನ ಒಡ್ಡುಗಳು ಒಡೆದು ನಗರದ ಬಹುಭಾಗ ನೀರಿನಲ್ಲಿ ಮುಳುಗಿತು. ಊರು ಬಿಡಲು ಕಾರಿಲ್ಲದ ಬಡವರು, ಅವರಲ್ಲಿ ಹೆಚ್ಚಿನವರು ಕಪ್ಪು ಜನ, ಮನೆಗಳ ಮಾಡಿನ ಮೇಲೆ, ಸೂಪರ್‌ಡೋಮ್ ಕ್ರೀಡಾಂಗಣದೊಳಗೆ ಅನ್ನ ನೀರಿಲ್ಲದೆ ದಿನಗಟ್ಟಲೆ ಕಾದರು. ಇಡೀ ದೇಶ ಅದನ್ನು ಟಿ.ವಿ.ಯಲ್ಲಿ ನೋಡುತ್ತಿತ್ತು. ಸೆಪ್ಟೆಂಬರ್ 2ರಂದು ಎನ್‌ಬಿಸಿ ವಾಹಿನಿ ಪರಿಹಾರ ನಿಧಿ ಸಂಗ್ರಹಕ್ಕೆ ನೇರ ಪ್ರಸಾರ ನಡೆಸಿದಾಗ, ನಟ ಮೈಕ್ ಮೈಯರ್ಸ್ ಪಕ್ಕ ನಿಂತಿದ್ದ ಕಾನ್ಯೆ ಬರೆದುಕೊಟ್ಟ ಮಾತನ್ನು ಬಿಟ್ಟು ತನ್ನದೇ ಮಾತನಾಡಿದ. ಅಧ್ಯಕ್ಷ ಜಾರ್ಜ್ ಬುಷ್‌ಗೆ ಕಪ್ಪು ಜನರ ಚಿಂತೆಯಿಲ್ಲ ಎಂಬ ಕೊನೆಯ ವಾಕ್ಯವೊಂದೇ ಎಲ್ಲರ ನೆನಪಿನಲ್ಲಿ ಉಳಿದಿದೆ. ನಿಮ್ಮ ಮಗ ನೋಡಿರುವ ತುಣುಕೂ ಬಹುಶಃ ಅಷ್ಟೇ ಇರಬೇಕು.

ಅದಕ್ಕೂ ಮೊದಲಿನ ಮಾತುಗಳನ್ನು ಅವನಿಗೆ ತೋರಿಸಿ. ನಡುಗುವ ಧ್ವನಿಯಲ್ಲಿ, ತಡವರಿಸುತ್ತ ಕಾನ್ಯೆ ಹೇಳಿದ್ದು ಎರಡು ಸಂಗತಿ. ಅಂಗಡಿಯಿಂದ ಆಹಾರ ಹೊತ್ತು ತರುವ ಕಪ್ಪು ಕುಟುಂಬ ಮಾಧ್ಯಮಗಳಿಗೆ ಲೂಟಿಕೋರರಾಗಿ ಕಾಣುತ್ತದೆ, ಬಿಳಿಯ ಕುಟುಂಬ ಅದನ್ನೇ ಮಾಡಿದರೆ ಹೊಟ್ಟೆಗೆ ಹುಡುಕುತ್ತಿದ್ದಾರೆ ಎಂದಾಗುತ್ತದೆ ಎನ್ನುವುದು ಒಂದು. ಇದು ಪತ್ರಿಕೆ ಬಿಡಿಸಿದವರೆಲ್ಲ ಪರಿಶೀಲಿಸಬಹುದಾಗಿದ್ದ ಮಾತು. ಎರಡನೆಯದು ತನ್ನ ಬಗ್ಗೆಯೇ: ಆ ದೃಶ್ಯಗಳನ್ನು ನೋಡಲಾರದೆ ಟಿ.ವಿ.ಯಿಂದ ಮುಖ ತಿರುಗಿಸಿದ್ದೆ, ದೇಣಿಗೆ ಕೊಡುವ ಮೊದಲು ಶಾಪಿಂಗಿಗೂ ಹೋಗಿದ್ದೆ ಎಂದ. ಅಂದರೆ ಬೆರಳು ಮೊದಲು ತನ್ನತ್ತಲೇ ತೋರಿಸಿಕೊಂಡಿದ್ದ. ಬುಷ್ ಮನಸ್ಸಿನಲ್ಲಿ ಏನಿತ್ತೆಂದು ಕಾನ್ಯೆಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆ ಲೆಕ್ಕದಲ್ಲಿ ಕೊನೆಯ ವಾಕ್ಯ ಅತಿಶಯೋಕ್ತಿಯೇ. ಅದು ಜನರ ಮನಸ್ಸಿಗೆ ನಾಟಿದ್ದು ಅದರ ಹಿಂದೆ ಎಲ್ಲರೂ ಕಂಡ ನಾಲ್ಕು ದಿನಗಳ ಸಾಕ್ಷ್ಯ ಇದ್ದುದರಿಂದ. ಆ ಮಾತಿಗೆ ತೂಕ ಬಂದದ್ದು ಕಂಡದ್ದನ್ನು ಹೇಳಿದ್ದರಿಂದ. ಒರಟಾಗಿ ಹೇಳಿದ್ದಕ್ಕೇ ತೂಕ ಬಂತು ಎಂದುಕೊಂಡಲ್ಲಿ ನಿಮ್ಮ ಮಗ ಎಡವಿದ್ದಾನೆ. ನನ್ನ ಅನುಮಾನ, ಕಾನ್ಯೆ ಕೂಡ ಹಾಗೆಯೇ ಎಡವಿದ.

ಅದೇ ವರ್ಷ, ಅದೇ ಆಗಸ್ಟ್‌ನಲ್ಲಿ ಎಂಟಿವಿ ಸಂದರ್ಶನವೊಂದರಲ್ಲಿ ಆಡಿದ ಮಾತು ಇದಕ್ಕಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ, ಆದರೆ ಅದು ಅಷ್ಟು ಪ್ರಸಿದ್ಧವಾಗಲಿಲ್ಲ. ಹಿಪ್ ಹಾಪ್ ಲೋಕ ಸಲಿಂಗಿಗಳನ್ನು ಹೀಯಾಳಿಸುತ್ತದೆ, ತಾನೂ ಹಾಗೆಯೇ ಇದ್ದೆ, ತನ್ನ ಸೋದರ ಸಂಬಂಧಿಯೊಬ್ಬ ಸಲಿಂಗಿ ಎಂದು ತಿಳಿದ ಮೇಲೆ ಕಣ್ಣು ತೆರೆಯಿತು, ಗೆಳೆಯರೇ ಇದನ್ನು ನಿಲ್ಲಿಸಿ ಎಂದು ಕೇಳಿಕೊಂಡ. ಆ ಕಾಲದ ರ‍್ಯಾಪ್ ಲೋಕದಲ್ಲಿ ಹೀಗೆ ಹೇಳುವುದೆಂದರೆ ತನ್ನ ಅಭಿಮಾನಿಗಳನ್ನೇ ಎದುರು ಹಾಕಿಕೊಂಡಂತೆ. ಅಲ್ಲಿಯೂ ಕಂಡ ಅನುಭವವಿದೆ, ತನ್ನ ತಪ್ಪಿನ ಒಪ್ಪಿಗೆಯಿದೆ.

ಈಗ 2018ರ ಮೇ 1ಕ್ಕೆ ಬನ್ನಿ. ಟಿಎಂಝಡ್ ಎಂಬ ಮನರಂಜನಾ ಸುದ್ದಿ ಸಂಸ್ಥೆಯ ಕಚೇರಿಯಲ್ಲಿ ಕಾನ್ಯೆ, ನಾನೂರು ವರ್ಷದ ಗುಲಾಮಗಿರಿ ಆಯ್ಕೆಯಂತೆ ಕೇಳಿಸುತ್ತದೆ ಎಂದ. ನಿಮ್ಮ ಮಗ ಊಟದ ಹೊತ್ತಿನಲ್ಲಿ ಆಡಿದ್ದು ಇದರ ಪ್ರತಿಧ್ವನಿ. ಇಲ್ಲಿ ಕಾನ್ಯೆ ಕಂಡದ್ದು ಏನೂ ಇಲ್ಲ, ಓದಿ ತಿಳಿದದ್ದೂ ಇಲ್ಲ. ಮೊದಲಿಗೆ ಲೆಕ್ಕವೇ ಸಡಿಲ: ವರ್ಜೀನಿಯಾಕ್ಕೆ ಸೆರೆಯಾದ ಆಫ್ರಿಕನ್ನರನ್ನು ತಂದಿಳಿಸಿದ್ದು 1619ರಲ್ಲಿ, ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗಾಣಿಸಿದ್ದು 1865ರಲ್ಲಿ. ಅದು ಹೋಗಲಿ. 'ಆಯ್ಕೆ' ಎನ್ನುವುದಾದರೆ ಗುಲಾಮರು ಎದುರು ನಿಂತಾಗ ಏನಾಯಿತೆಂದು ನೋಡಬೇಕು. 1739ರಲ್ಲಿ ಸೌತ್ ಕ್ಯಾರೊಲೈನಾದ ಸ್ಟೋನೊ ನದಿಯ ಬಳಿ ದಂಗೆ ಎದ್ದರು. ಮರುವರ್ಷವೇ ಬಂದ ಕಾನೂನು ಗುಲಾಮರಿಗೆ ಬರೆಯಲು ಕಲಿಸುವುದನ್ನೂ ಅಪರಾಧ ಮಾಡಿತು. 1811ರಲ್ಲಿ ಲೂಸಿಯಾನಾದಲ್ಲಿ ಎದ್ದರು, ಸತ್ತವರ ತಲೆಗಳನ್ನು ಕಂಬಗಳ ಮೇಲೆ ನೆಟ್ಟು ಪ್ರದರ್ಶನಕ್ಕಿಟ್ಟರು. 1831ರಲ್ಲಿ ನ್ಯಾಟ್ ಟರ್ನರ್ ನೇತೃತ್ವದಲ್ಲಿ ವರ್ಜೀನಿಯಾದಲ್ಲಿ ಎದ್ದರು. ಟರ್ನರ್‌ನನ್ನು ಗಲ್ಲಿಗೇರಿಸಿದ್ದಲ್ಲದೆ ದಂಗೆಗೆ ಸಂಬಂಧವೇ ಇಲ್ಲದ ಕಪ್ಪು ಜನರನ್ನೂ ಗುಂಪುಗಳು ಕೊಂದವು. ಓಡಿ ಹೋಗಬಹುದಿತ್ತಲ್ಲ ಎನ್ನುವಿರಾ? 1850ರ ಕಾನೂನಿನ ಪ್ರಕಾರ ಗುಲಾಮಗಿರಿಯಿಲ್ಲದ ಉತ್ತರದ ರಾಜ್ಯಗಳಲ್ಲೂ, ನೀವಿರುವ ಇಲಿನಾಯ್‌ನಲ್ಲಿ ಸಹ, ಓಡಿ ಬಂದವರನ್ನು ಹಿಡಿದು ಹಿಂದಿರುಗಿಸಬೇಕಿತ್ತು.

2020ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದಾಗ ಕಾನ್ಯೆ ಹ್ಯಾರಿಯೆಟ್ ಟಬ್‌ಮನ್ ಗುಲಾಮರನ್ನು ನಿಜವಾಗಿ ಬಿಡಿಸಲೇ ಇಲ್ಲ ಎಂದೂ ಹೇಳಿದ. ಆಕೆ 1849ರಲ್ಲಿ ಮೇರಿಲ್ಯಾಂಡ್‌ನಿಂದ ತಾನು ಪಾರಾಗಿ, ಮತ್ತೆ ಹದಿಮೂರು ಬಾರಿ ಅದೇ ನೆಲಕ್ಕೆ ಹಿಂದಿರುಗಿ ಸುಮಾರು 70 ಜನರನ್ನು ಕರೆತಂದವಳು. ಅಂತರ್ಯುದ್ಧದ ನಡುವೆ, 1863ರಲ್ಲಿ, ಕಾಂಬಾಹೀ ನದಿಯ ದಾಳಿಯಲ್ಲಿ ಉತ್ತರದ ಸೈನ್ಯಕ್ಕೆ ದಾರಿ ತೋರಿಸಿ 700ಕ್ಕೂ ಹೆಚ್ಚು ಜನರ ಬಿಡುಗಡೆಗೆ ನೆರವಾದವಳು. ಇದನ್ನೆಲ್ಲ ಮಗನ ಮುಂದೆ ಭಾಷಣವಾಗಿ ಒಪ್ಪಿಸಬೇಡಿ. "ಟಬ್‌ಮನ್ ಏನು ಮಾಡಿದ್ದಳು, ನೋಡಿ ಹೇಳು" ಎಂದು ಅವನಿಗೇ ಒಪ್ಪಿಸಿ. ಹದಿನಾರರ ಹುಡುಗರು ತಾವೇ ಹುಡುಕಿದ್ದನ್ನು ನಂಬುತ್ತಾರೆ, ತಾಯಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನನ್ನ ವಿದ್ಯಾರ್ಥಿಗಳೂ ಇದರಲ್ಲಿ ಬೇರೆಯಲ್ಲ.

ಯಹೂದಿಗಳ ವಿಷಯ ಇನ್ನೂ ಸೂಕ್ಷ್ಮ. ಏಕೆಂದರೆ ಅದರ ಬುಡದಲ್ಲಿ ಒಂದು ನಿಜವಾದ ದೂರು ಇದೆ. 2020ರ ಸೆಪ್ಟೆಂಬರಿನಲ್ಲಿ ಕಾನ್ಯೆ ಯೂನಿವರ್ಸಲ್ ಸಂಗೀತ ಸಂಸ್ಥೆಯೊಂದಿಗಿನ ತನ್ನ ಒಪ್ಪಂದದ ಪುಟಗಳನ್ನು ಟ್ವಿಟರ್‌ನಲ್ಲಿ ಹಾಕಿದ. ಹಾಡಿದ್ದು ಕಲಾವಿದ, ಮೂಲ ಧ್ವನಿಮುದ್ರಣದ ಒಡೆತನ ಮಾತ್ರ ಕಂಪನಿಯದು ಎಂಬ ತಕರಾರು ಅವನೊಬ್ಬನದಲ್ಲ. ಅಮೆರಿಕದ ಕಪ್ಪು ಸಂಗೀತಗಾರರು ತಲೆಮಾರುಗಳಿಂದ ಹೇಳುತ್ತ ಬಂದದ್ದು ಅದನ್ನೇ. ಒಪ್ಪಂದದ ಕಲಮು ಹಿಡಿದು ವಾದಿಸಿದ್ದರೆ ಅದು ಬಹಳ ಜನ ಕಲಾವಿದರಿಗೆ ಉಪಕಾರವಾಗುತ್ತಿತ್ತು. 2022ರ ಅಕ್ಟೋಬರ್ ಹೊತ್ತಿಗೆ ಕಾನ್ಯೆಯ ಮಾತಿನಿಂದ ಕಲಮು ಮಾಯವಾಗಿ ಒಂದು ಜನಾಂಗ, ಯಹೂದಿಗಳು, ಆ ಜಾಗಕ್ಕೆ ಬಂದಿತ್ತು. ಯಹೂದಿ ದ್ವೇಷ ಕೆಲಸ ಮಾಡುವ ರೀತಿಯೇ ಇದು. ಬ್ಯಾಂಕು, ಚಿತ್ರರಂಗ, ಸಂಗೀತ ಕಂಪನಿ, ಯಾವುದರ ಮೇಲಿನ ಸಿಟ್ಟಾದರೂ ಸರಿ, ಅದಕ್ಕೆ ಸಿದ್ಧಪಡಿಸಿದ ಖಳನಾಯಕನೊಬ್ಬನನ್ನು ಕೊಡುತ್ತದೆ. ಸಿಟ್ಟು ನಿಜವಾದ್ದರಿಂದ ಖಳನಾಯಕನೂ ನಿಜವೆನಿಸುತ್ತಾನೆ. ಅದೇ ತಿಂಗಳು ಲಾಸ್ ಏಂಜಲೀಸ್‌ನ 405ನೇ ಹೆದ್ದಾರಿಯ ಸೇತುವೆಯ ಮೇಲೆ ಒಂದು ಗುಂಪು, ಯಹೂದಿಗಳ ಬಗ್ಗೆ ಕಾನ್ಯೆ ಹೇಳಿದ್ದು ಸರಿ ಎಂಬ ಫಲಕ ಕಟ್ಟಿ ನಾಜಿ ಸಲಾಮು ಹೊಡೆಯಿತು. ಅಕ್ಟೋಬರ್ 25ರಂದು ಶೂ ಕಂಪನಿ ಅಡಿಡಾಸ್ ಕಾನ್ಯೆಯೊಂದಿಗಿನ ಒಪ್ಪಂದ ಮುರಿಯಿತು. ಡಿಸೆಂಬರ್ 1ರಂದು, ಪಿತೂರಿ ಕಥೆಗಳನ್ನು ಹಬ್ಬಿಸುವುದಕ್ಕೇ ಹೆಸರಾದ ಅಲೆಕ್ಸ್ ಜೋನ್ಸ್ ಕಾರ್ಯಕ್ರಮದಲ್ಲಿ ಕಾನ್ಯೆ ಹಿಟ್ಲರನನ್ನು ಹೊಗಳಿದಾಗ, ಜೋನ್ಸ್‌ನಂಥವನೇ ಹಿಂಜರಿಯುವಂತಾಯಿತು.

ಇನ್ನು ನಿಮ್ಮ ಯಜಮಾನರ ಮಾತು. ಕಾನ್ಯೆಗೆ ಬೈಪೋಲಾರ್ ಕಾಯಿಲೆ, ಅಂದರೆ ಉನ್ಮಾದ ಮತ್ತು ಖಿನ್ನತೆ ಬಂದುಹೋಗುವ ಮನೋರೋಗ, ಇರುವುದು ಗುಟ್ಟೇನಲ್ಲ. 2018ರ ಆಲ್ಬಮ್ಮಿನ ಮುಖಪುಟದ ಮೇಲೆಯೇ ಅದನ್ನು ಬರೆದುಕೊಂಡಿದ್ದ. ಅದೇ ವರ್ಷ ಅಕ್ಟೋಬರಿನಲ್ಲಿ ಶ್ವೇತಭವನದಲ್ಲಿ ಟ್ರಂಪ್ ಎದುರು ಕುಳಿತು, ವೈದ್ಯರು ತಪ್ಪಾಗಿ ಗುರುತಿಸಿದ್ದರು, ತನಗಿದ್ದದ್ದು ನಿದ್ದೆಗೇಡು ಎಂದೂ ಹೇಳಿದ. 2023ರ ಕೊನೆಯಲ್ಲಿ ಹೀಬ್ರೂ ಭಾಷೆಯಲ್ಲಿ ಯಹೂದಿಗಳ ಕ್ಷಮೆ ಕೇಳಿದ, 2025ರ ಫೆಬ್ರವರಿಯಲ್ಲಿ ಮತ್ತೆ ಹಳೆಯ ಮಾತಿಗೇ ಮರಳಿದ, 2026ರ ಜನವರಿಯಲ್ಲಿ ಪತ್ರಿಕೆಯ ಪೂರ್ಣಪುಟ ಜಾಹೀರಾತಿನಲ್ಲಿ ಇನ್ನೊಮ್ಮೆ ಕ್ಷಮೆ ಕೇಳಿ ಕಾಯಿಲೆಯನ್ನು ಮುಂದಿಟ್ಟ. ನಾನು ಮನೋವೈದ್ಯೆಯಲ್ಲ, ದೂರದಿಂದ ಯಾರ ರೋಗವನ್ನೂ ಅಳೆಯಲಾರೆ. ಆದರೆ ಉನ್ಮಾದದ ಹಂತದಲ್ಲಿ ನಿದ್ದೆ ಕಡಿಮೆಯಾಗುತ್ತದೆ, ಮಾತು ಓಡುತ್ತದೆ, ತಾನೇ ಎಲ್ಲ ಬಲ್ಲವನೆಂಬ ಭಾವ ಉಕ್ಕುತ್ತದೆ, ಆಡಬಾರದ್ದನ್ನು ತಡೆಯುವ ಶಕ್ತಿ ಕುಸಿಯುತ್ತದೆ ಎನ್ನುವುದು ಯಾವ ವೈದ್ಯರೂ ಹೇಳುವ ಸಂಗತಿ. ಬಾಗಿಲು ತೆರೆಯುವುದು ಕಾಯಿಲೆ ಇರಬಹುದು, ಒಳಗೆ ನುಗ್ಗುವ ಮಾತು ಹೊರಗಿನ ಗಾಳಿಯಲ್ಲಿ ಮೊದಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಅವರಾರೂ ಅದರಿಂದಾಗಿ ಹಿಟ್ಲರನ ಭಕ್ತರಾಗಲಿಲ್ಲ. "ತಲೆ ಸರಿಯಿಲ್ಲ, ಬಿಡು" ಎನ್ನುವುದರಲ್ಲಿ ಇನ್ನೊಂದು ಅಪಾಯವೂ ಇದೆ: ನಾಳೆ ನಿಮ್ಮ ಮಗನಿಗೋ ಅವನ ಸ್ನೇಹಿತನಿಗೋ ಮನಸ್ಸು ಕುಗ್ಗಿದರೆ, ಈ ಮನೆಯಲ್ಲಿ ಅದನ್ನು ಹೇಳಿಕೊಳ್ಳಬಾರದು ಎಂದು ಅವನು ಇಂದೇ ಕಲಿಯುತ್ತಿದ್ದಾನೆ. ಯಜಮಾನರಿಗೆ ಇದನ್ನು ನೀವು ಹೇಳುವುದಕ್ಕಿಂತ ನನ್ನ ಉತ್ತರವನ್ನೇ ಓದಲು ಕೊಟ್ಟರೂ ಆದೀತು.

ನಿಮ್ಮ ಗೆಳತಿಯ ಮಾತು ಅರ್ಧ ನಿಜ. ಹಿಪ್ ಹಾಪ್‌ನಲ್ಲಿ ಹೆಂಗಸರ ಬಗ್ಗೆ, ಸಲಿಂಗಿಗಳ ಬಗ್ಗೆ, ಕೆಲವೊಮ್ಮೆ ಯಹೂದಿಗಳ ಬಗ್ಗೆ ಕೆಟ್ಟ ಮಾತು ಬಂದಿರುವುದನ್ನು ಮುಚ್ಚಿಡಲಾಗದು. 1989ರಲ್ಲಿ ಪಬ್ಲಿಕ್ ಎನಿಮಿ ಎಂಬ ರ‍್ಯಾಪ್ ತಂಡದ ಪ್ರೊಫೆಸರ್ ಗ್ರಿಫ್ ಇಂಥದೇ ಯಹೂದಿ ವಿರೋಧಿ ಸಂದರ್ಶನ ಕೊಟ್ಟು ತಂಡವನ್ನೇ ಒಡೆಯುವ ಹಂತಕ್ಕೆ ತಂದ. 2021ರಲ್ಲಿ ಮಯಾಮಿಯ ಉತ್ಸವವೊಂದರಲ್ಲಿ ಡಾಬೇಬಿ ಎಂಬ ರ‍್ಯಾಪರ್ ಎಚ್‌ಐವಿ ಸೋಂಕಿತರ ಬಗ್ಗೆ ಕೀಳಾಗಿ ಮಾತನಾಡಿ ಒಂದಾದ ಮೇಲೊಂದು ಕಾರ್ಯಕ್ರಮ ಕಳೆದುಕೊಂಡ. ಆದರೆ ಈ ಮಾತುಗಳಿಗೆ ಮೊದಲ ಏಟು ಬಿದ್ದದ್ದು ಎಷ್ಟೋ ಸಲ ಒಳಗಿನಿಂದಲೇ. ಹೆಂಗಸರನ್ನು ಹೀನ ಪದಗಳಿಂದ ಕರೆಯುವ ಚಾಳಿಯ ವಿರುದ್ಧ 1993ರಲ್ಲೇ ರ‍್ಯಾಪ್ ಗಾಯಕಿ ಕ್ವೀನ್ ಲತೀಫಾ ಹಾಡು ಕಟ್ಟಿದರು, ಅದಕ್ಕೆ ಗ್ರ್ಯಾಮಿ ಬಂತು. 2017ರಲ್ಲಿ ರ‍್ಯಾಪರ್ ಜೇ-ಝಡ್ ತನ್ನ ತಾಯಿ ಸಲಿಂಗಿ ಎಂಬುದನ್ನು ಹಾಡಿನಲ್ಲೇ ಹೇಳಿ, ಅವರ ಧ್ವನಿಯನ್ನೂ ಅದರಲ್ಲಿ ಸೇರಿಸಿದ. ಗುಲಾಮಗಿರಿಯ ಮಾತು ಬಂದ ದಿನ ಟಿಎಂಝಡ್ ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದ ವ್ಯಾನ್ ಲೇಥನ್ ಎಂಬ ಕಪ್ಪು ಯುವಕ ಕುಳಿತಲ್ಲಿಂದ ಎದ್ದು, ನೀನು ಯೋಚಿಸದೆ ಮಾತನಾಡುತ್ತಿದ್ದೀಯ, ಅದರ ಪರಿಣಾಮವನ್ನು ದಿನದಿನವೂ ಅನುಭವಿಸುವವರು ನಾವು ಎಂಬರ್ಥದಲ್ಲಿ ಕಾನ್ಯೆಯನ್ನು ಮುಖಾಮುಖಿ ತರಾಟೆಗೆ ತೆಗೆದುಕೊಂಡ. ನಿಮ್ಮ ಮಗ ನೋಡುವ ತುಣುಕುಗಳಲ್ಲಿ ಲೇಥನ್ ಇರುವುದಿಲ್ಲ. ತುಣುಕು ಕತ್ತರಿಸುವವರಿಗೆ ಬೇಕಾದದ್ದು ಕಿಡಿ, ಉತ್ತರ ಅಲ್ಲ. ಇದಕ್ಕೆ ಹಿಪ್ ಹಾಪ್‌ಗಿಂತ ಹೆಚ್ಚು ಹೊಣೆ, ಮೊಬೈಲಿನಲ್ಲಿ ಒಂದು ತುಣುಕಿನ ಹಿಂದೆಯೇ ಅದಕ್ಕಿಂತ ಖಾರವಾದದ್ದನ್ನು ತಂದೊಡ್ಡುವ ಲೆಕ್ಕಾಚಾರದ್ದು. ಅಲ್ಲಿ ಬೈದರೂ ಹೊಗಳಿದರೂ ನೋಡಿದವರ ಎಣಿಕೆ ಏರುತ್ತದೆ, ಎಣಿಕೆ ಏರಿದಷ್ಟೂ ದುಡ್ಡು.

ಹಾಗಾದರೆ ಏನು ಮಾಡಬಹುದು? ಪೂರ್ತಿ ನಿಷೇಧಿಸಬಹುದು. ಅದರಿಂದ ಮನೆಯೊಳಗೆ ಸದ್ದು ನಿಲ್ಲುತ್ತದೆ, ಇಯರ್‌ಫೋನಿನೊಳಗೆ ನಿಲ್ಲುವುದಿಲ್ಲ. ನಿಷಿದ್ಧವಾದದ್ದಕ್ಕೆ ಧೈರ್ಯದ ಮೆರುಗು ಬೇರೆ ಬರುತ್ತದೆ, ಕಾನ್ಯೆ ಮಾರುವ ಸರಕೇ ಆ ಮೆರುಗು. ಸುಮ್ಮನಿದ್ದುಬಿಡಬಹುದು, ವಯಸ್ಸಿನ ಹುಚ್ಚು ಎಂದು. ಬಹಳ ಮಕ್ಕಳು ತಾವಾಗಿಯೇ ಹೊರಬರುತ್ತಾರೆ ಎಂಬುದೂ ನಿಜ. ಆದರೆ ನಿಮ್ಮ ಮಗನ ಪಕ್ಕದ ಬೆಂಚಿನ ಯಹೂದಿ ಹುಡುಗ ಅಷ್ಟು ದಿನ ಏಕೆ ಕಾಯಬೇಕು? ಹೀಗಾಗಿ ಈ ದಾರಿಯನ್ನು ನಾನು ಒಪ್ಪುವುದಿಲ್ಲ.

ನಾನು ಸೂಚಿಸುವುದು ಹೆಚ್ಚು ಶ್ರಮದ್ದು. ಹಾಡಿಗೆ ಅವಕಾಶ ಕೊಡಿ, ಮಾತಿಗೆ ಲೆಕ್ಕ ಕೇಳಿ. ಊಟದ ಹೊತ್ತಿನಲ್ಲಿ ಕಾನ್ಯೆಯ ಮಾತನ್ನು ತಂದರೆ, "ಇದು ಅವನು ಕಂಡದ್ದೋ, ಓದಿದ್ದೋ, ಊಹಿಸಿದ್ದೋ?" ಎಂದು ಕೇಳಿ. ಅಷ್ಟೇ ಕೇಳಿ, ಉತ್ತರಕ್ಕೆ ಕಾಯಿರಿ. ತುಣುಕು ತೋರಿಸಿದರೆ ಪೂರ್ತಿ ಸಂದರ್ಶನ ತೆಗೆಯಲು ಹೇಳಿ ಜೊತೆಯಲ್ಲಿ ಕುಳಿತು ನೋಡಿ. 2004ರ ಮೊದಲ ಆಲ್ಬಮ್ಮನ್ನು ನೀವೂ ಒಮ್ಮೆ ಕೇಳಿ. ಬಂದೂಕು ಮತ್ತು ಮಾದಕವಸ್ತುವಿನ ಕಥೆಗಳೇ ತುಂಬಿದ್ದ ಕಾಲದಲ್ಲಿ ಕಾಲೇಜು, ಸಾಲ, ದೇವರು, ಅಂಗಡಿಯ ನೌಕರಿ ಎಂದು ಹಾಡಿದ ಪ್ರತಿಭೆ ಅದು, ಅಪಘಾತದಲ್ಲಿ ಮುರಿದ ದವಡೆಗೆ ತಂತಿ ಕಟ್ಟಿಸಿಕೊಂಡೇ ಹಾಡಿದ ಹಾಡೂ ಅದರಲ್ಲಿದೆ. ಮಗ ಇಷ್ಟಪಟ್ಟದ್ದರಲ್ಲಿ ಒಳ್ಳೆಯದು ಇದೆ ಎಂದು ನೀವು ಒಪ್ಪಿದ ಮೇಲೆ ನಿಮ್ಮ ಆಕ್ಷೇಪಕ್ಕೂ ಅವನು ಕಿವಿಗೊಡುತ್ತಾನೆ. ಈ ದಾರಿಯ ಅಪಾಯವೂ ಇದೆ: ವಾದದಲ್ಲಿ ನೀವು ಕೆಲವು ದಿನ ಸೋಲುತ್ತೀರಿ, ಅವನಿಗೆ ಪದಗಳ ವೇಗ ಹೆಚ್ಚು. ಸೋತ ದಿನ ಸಿಟ್ಟಿನಲ್ಲಿ ಫೋನ್ ಕಿತ್ತುಕೊಂಡರೆ ಅಲ್ಲಿಯವರೆಗಿನ ಶ್ರಮ ನೀರಿನಲ್ಲಿ ಹೋಮ. ದುಡ್ಡಿನ ಪ್ರಶ್ನೆಯನ್ನು ಬೇರೆ ಇಡಿ. ಹೊಸ ಟಿ-ಶರ್ಟು, ಶೂ, ಟಿಕೆಟ್‌ಗೆ ನಮ್ಮ ಮನೆಯ ಹಣ ಇಲ್ಲ ಎಂದು ಖಡಾಖಂಡಿತವಾಗಿ ಹೇಳಬಹುದು, ಕಾರಣವನ್ನೂ ಹೇಳಬಹುದು. ಅದು ನಿಷೇಧವಲ್ಲ, ನಿಮ್ಮ ಕಾಸಿನ ಮೇಲೆ ನಿಮಗಿರುವ ಹಕ್ಕು. ಹಳೆಯ ಸಿ.ಡಿ. ಯಾರಿಂದಲಾದರೂ ಕೊಂಡರೆ ಆ ಕಾಸು ಕಾನ್ಯೆಗೆ ಮುಟ್ಟುವುದೂ ಇಲ್ಲ.

ನೀವಿರುವ ಜಾಗದಲ್ಲಿ ಒಂದು ಅನುಕೂಲವಿದೆ. ಶಿಕಾಗೊದ ಉತ್ತರಕ್ಕೆ ಸ್ಕೋಕಿ ಎಂಬ ಊರು. ನಾಜಿ ಶಿಬಿರಗಳಿಂದ ಬದುಕಿ ಬಂದ ಬಹಳಷ್ಟು ಯಹೂದಿಗಳು ಅಲ್ಲಿ ನೆಲೆಸಿದ್ದರು. 1977ರಲ್ಲಿ ಅಮೆರಿಕದ ಒಂದು ನಾಜಿ ಗುಂಪು ಬೇಕೆಂದೇ ಅದೇ ಊರಿನಲ್ಲಿ ಮೆರವಣಿಗೆ ಮಾಡುತ್ತೇವೆಂದು ಹೊರಟಿತು. ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ನ್ಯಾಯಾಲಯಗಳು ಆ ಗುಂಪಿನ ಹಕ್ಕನ್ನು ಎತ್ತಿಹಿಡಿದವು, ಆದರೂ ಕೊನೆಗೆ ಮೆರವಣಿಗೆ ನಡೆದದ್ದು ಶಿಕಾಗೊದಲ್ಲಿ. ಇಂದು ಸ್ಕೋಕಿಯಲ್ಲಿ ಇಲಿನಾಯ್ ಹೋಲೋಕಾಸ್ಟ್ ವಸ್ತುಸಂಗ್ರಹಾಲಯ ಇದೆ. "ಹೇಳುವ ಹಕ್ಕು ಅವನಿಗಿಲ್ಲವೇ?" ಎಂದು ಮಗ ಕೇಳಿದರೆ, ಇದೆ ಎಂದೇ ಹೇಳಿ, ತೆರೆದಿರುವ ದಿನ ನೋಡಿಕೊಂಡು ಅಲ್ಲಿಗೆ ಕರೆದುಕೊಂಡು ಹೋಗಿ. ಹಕ್ಕು ಇದ್ದವರ ಮಾತು ಯಾರ ಬಾಗಿಲ ಮುಂದೆ ಹೋಗಿ ನಿಂತಿತ್ತು ಎಂದು ಅಲ್ಲಿ ಕಾಣಿಸುತ್ತದೆ.

ಇನ್ನೊಂದು ಸಂಗತಿ, ಇದನ್ನು ಸಮಯ ನೋಡಿ ಹೇಳಿ. 2022ರ ನವೆಂಬರಿನಲ್ಲಿ ಕಾನ್ಯೆ ಟ್ರಂಪ್ ಮನೆಗೆ ಊಟಕ್ಕೆ ಹೋದಾಗ ಜೊತೆಯಲ್ಲಿ ಕರೆದೊಯ್ದದ್ದು ನಿಕ್ ಫುಯೆಂಟಿಸ್ ಎಂಬ ಬಿಳಿಯ ಜನಾಂಗವಾದಿಯನ್ನು. 2024ರಲ್ಲಿ ಜೆ.ಡಿ. ವ್ಯಾನ್ಸ್ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದಾಗ ಇದೇ ಫುಯೆಂಟಿಸ್, ಹೆಂಡತಿ ಭಾರತೀಯಳು, ಮಗನಿಗೆ ವಿವೇಕ್ ಎಂದು ಹೆಸರಿಟ್ಟವನು, ಇವನು ಬಿಳಿಯರ ಪರ ನಿಲ್ಲುತ್ತಾನೆಯೇ ಎಂದು ಕೇಳಿದ. ಹಾಸನದ ಕುಟುಂಬದ ಹುಡುಗನಿಗೆ ಆ ಗುಂಪಿನಲ್ಲಿ ಎಂಥ ಜಾಗವಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದ ಮೇಲೂ ಮೂರು ಸಂಗತಿಗಳ ಮೇಲೆ ಕಣ್ಣಿಡಿ. ಕಾನ್ಯೆಯ ಹಾಡು ಕೇಳುವುದೇ ಕಡಿಮೆಯಾಗಿ ಮಾತುಗಳು ಮಾತ್ರ ಉಳಿದರೆ, ಅಪರಿಚಿತರಿರುವ ಯಾವುದೋ ಚಾಟ್ ಗುಂಪಿನಲ್ಲಿ ರಾತ್ರಿಗಳು ಕಳೆಯತೊಡಗಿದರೆ, ತರಗತಿಯ ಯಹೂದಿ ಅಥವಾ ಕಪ್ಪು ಮಕ್ಕಳ ಮೇಲೆ 'ತಮಾಷೆ' ಶುರುವಾದರೆ, ಅಲ್ಲಿಗೆ ಅಭಿಮಾನದ ಪ್ರಶ್ನೆ ಮುಗಿಯಿತು. ಆಗ ಶಾಲೆಯ ಸಮಾಲೋಚಕರೊಡನೆ ಮಾತನಾಡಿ, ಅವರಿಗೆ ಇಂಥ ಪ್ರಸಂಗಗಳು ಹೊಸವಲ್ಲ. ಮಗನಿಗೆ ಮೊದಲೇ ತಿಳಿಸಿಯೇ ಹೋಗಿ, ಸಾಧ್ಯವಾದರೆ ಯಜಮಾನರನ್ನೂ ಕರೆದುಕೊಂಡು ಹೋಗಿ.